ಜಯರಾಮ ಮೇಷ್ಟರ ತಪ್ಪಿನ ಪುಸ್ತಕ

ಬಜ್ಜಿ ಕಟ್ಟಿಕೊಟ್ಟ ಕಾಗದವನ್ನು ಓದದೆ ಎಸೆಯುವವರನ್ನು ಕಂಡರೆ ಜಯರಾಮನಿಗೆ ಸಿಟ್ಟು ಬರುತ್ತಿತ್ತು. ಅವನು ಎಣ್ಣೆ ಕುಡಿದ ಆ ತುಂಡನ್ನು ಬಿಡಿಸಿ, ಬೆಳಕಿಗೆ ಹಿಡಿದು, ಎರಡೂ ಕಡೆ ಓದಿಯೇ ಕೈ ಒರೆಸಿಕೊಳ್ಳುವವ. ಅದು ಯಾವುದಾದರೂ ಮಗುವಿನ ಲೆಕ್ಕದ ಹಾಳೆಯಾಗಿದ್ದರಂತೂ ಮುಗಿದೇ ಹೋಯಿತು. ಬಜ್ಜಿ ತಣ್ಣಗಾದರೂ ಸರಿ, ಮಗು ಎಲ್ಲಿ ಜಾರಿತು ಎಂದು ಗೊತ್ತಾಗುವವರೆಗೆ ಅಂಗಡಿಯ ಮುಂದಿನಿಂದ ಕದಲುತ್ತಿರಲಿಲ್ಲ. ಮೈಲಾಪೂರಿನ ಆ ಅಂಗಡಿಯವಳು ಇವನಿಗೆಂದೇ ಲೆಕ್ಕ ಬರೆದ ಹಾಳೆ ಆರಿಸಿ ಕಟ್ಟಿಕೊಡುತ್ತಿದ್ದಳು ಅಂದರೆ ನೀವು ನಂಬಲಿಕ್ಕಿಲ್ಲ. ನಾನು ನೋಡಿದ್ದೇನೆ.

ಊರು ಕೆ.ಆರ್. ನಗರದ ಕಡೆ. ಇಪ್ಪತ್ತೆರಡನೇ ವಯಸ್ಸಿಗೆ ವಿಮಾ ಕಂಪನಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಮದ್ರಾಸಿಗೆ ಬಂದು ಮೈಲಾಪೂರಿನಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡ. ಬೇರೆ ಮನೆ ಸಿಗುವವರೆಗೆ ಅಂತ ಇಳಿದವನು. ಮದ್ರಾಸು ಹೋಗಿ ಚೆನ್ನೈ ಆಯಿತೇ ಹೊರತು ಅವನ ಮನೆ ಬದಲಾಗಲಿಲ್ಲ. ಚಿಕ್ಕಮ್ಮನ ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಆಕೆಗೂ ಜೊತೆ ಬೇಕಿತ್ತು. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ಜಯರಾಮ ಯೋಚಿಸಿ ಹೇಳುತ್ತೇನೆ ಅಂದ, ಯೋಚಿಸುತ್ತಲೇ ನಲವತ್ತಮೂರಾದ.

ಹಗಲು ವಿಮಾ ಕಂಪನಿ. ಸಂಜೆ ಮತ್ತು ಭಾನುವಾರ ಪಾಠ. ಪಾತ್ರೆ ಅಂಗಡಿಯ ಮೇಲಿನ ಒಂದು ಹಾಲ್‌ನಲ್ಲಿ ಮ್ಯಾನೇಜ್‌ಮೆಂಟ್ ಶಾಲೆಗಳ ಪ್ರವೇಶ ಪರೀಕ್ಷೆಗೆ, ಅಂದರೆ ಕ್ಯಾಟಿಗೆ, ತರಬೇತಿ ಕೊಡುತ್ತಿದ್ದರು. ಇಂಗ್ಲಿಷ್‌ಗೆ ಬೇರೆಯವರು, ಲೆಕ್ಕಕ್ಕೆ ಜಯರಾಮ. ಅವನೂ ಹಿಂದೆ ಮೂರು ಸಲ ಅದೇ ಪರೀಕ್ಷೆಗೆ ಕೂತು ಫೇಲಾದವನು ಎಂದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಅವನೇ ಹೇಳಿಕೊಂಡಿದ್ದ. ತಾನು ಪಾಸಾಗದ ಪರೀಕ್ಷೆಗೆ ಮೇಷ್ಟರಾಗಿದ್ದಾನೆ ಎಂದು ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ನಕ್ಕವರೇ ಪರೀಕ್ಷೆ ಹತ್ತಿರ ಬಂದಾಗ ಅವನ ಮೇಜಿನ ಸುತ್ತ ಮುತ್ತಿಕೊಳ್ಳುತ್ತಿದ್ದರು.

ಮುತ್ತಿಕೊಳ್ಳುತ್ತಿದ್ದದ್ದು ಅವನ ಬಳಿ ಇದ್ದ ಒಂದು ಪುಸ್ತಕಕ್ಕಾಗಿ. ಉದ್ದನೆಯ, ನೀಲಿ ರಟ್ಟಿನ ನೋಟ್‌ಬುಕ್ಕು. ಅದರಲ್ಲಿ ಒಂದೇ ಒಂದು ಸರಿ ಉತ್ತರ ಇರಲಿಲ್ಲ, ಬರೀ ತಪ್ಪುಗಳು, ಪಕ್ಕದಲ್ಲಿ ಕಾರಣ. "ಸರಿ ಉತ್ತರ ಪುಸ್ತಕದ ಕೊನೇಲೇ ಅಚ್ಚಾಗಿರುತ್ತೆ ಕಣ್ರೋ. ತಪ್ಪು ಉತ್ತರ ಎಲ್ಲಿಂದ ಬಂತು ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ" ಅನ್ನುತ್ತಿದ್ದ. ಬಾಬು ಎಂಬ ಹುಡುಗನ ಹೆಸರಿನ ಮುಂದೆ ಹೀಗಿತ್ತು: 'ರೈಲು ಸೇತುವೆ ದಾಟುವ ಲೆಕ್ಕ. ಸೇತುವೆಯ ಉದ್ದ ಸೇರಿಸಲಿಲ್ಲ. ಕಾರಣ: ನಿನ್ನೆ ಊರಿಂದ ರೈಲಿನಲ್ಲಿ ನಿಂತೇ ಬಂದಿದ್ದಾನೆ. ಬೇಗ ಇಳಿದರೆ ಸಾಕು ಅನ್ನುವ ಅವಸರ.' ಬಾಬು ಅದನ್ನು ಓದಿ ಬಾಯಿ ಬಿಟ್ಟುಕೊಂಡು ಕೂತ. ನಿಜವಾಗಿತ್ತು.

ಎರಡು ಸಾವಿರದ ಎರಡನೇ ಇಸವಿಯ ಜೂನ್‌ನಲ್ಲಿ ಈ ಹಾಲ್‌ಗೆ ಶರಣ್ಯಾ ಬಂದಳು. ಇಪ್ಪತ್ತನಾಲ್ಕು ವರ್ಷ. ತಂದೆ ಮಹಾಲಿಂಗಪ್ಪನವರು ತಿಪಟೂರಿನಿಂದ ಬಂದ ಕೊಬ್ಬರಿ ಸಗಟು ವ್ಯಾಪಾರಿ, ಮನೆ ಕೀಲ್ಪಾಕ್. ಎರಡು ವರ್ಷದ ಮಗುವಾಗಿದ್ದಾಗ ಈ ಊರಿಗೆ ಬಂದವಳಾದ್ದರಿಂದ ಅವಳ ಕನ್ನಡದ ತುಂಬ ತಮಿಳು. ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸ. ಏನು ಬರೆಯಬೇಕು, ಯಾರಿಗಾಗಿ ಬರೆಯಬೇಕು ಎಂದು ತೀರ್ಮಾನಿಸುವವರು ಗಾಜಿನ ಬಾಗಿಲಿನ ಆಚೆ ಕೂತು ಮಾತಾಡುತ್ತಿದ್ದರು. ಅವಳಿಗೆ ಆ ಬಾಗಿಲಿನ ಆಚೆ ಹೋಗಬೇಕಿತ್ತು.

"ಸಾರ್, ನಂಗೆ ಇದು ಮೂಣಾವದು, ಮೂರನೇ ಸಲ" ಅಂದಳು ಮೊದಲ ದಿನವೇ. "ಈ ಸಲಾನೂ ಆಗಲಿಲ್ಲಾಂದ್ರೆ ಪೋದುಂ, ಸಾಕು. ಬುಕ್ಸೆಲ್ಲಾ ಹಳೇ ಪೇಪರ್‌ನವನಿಗೆ ಹಾಕ್ಬಿಡ್ತೀನಿ. ಅಪ್ಪಂಗೂ ಹೇಳಿದೀನಿ."

ಮೊದಲ ವಾರದಲ್ಲೇ ಜಯರಾಮನಿಗೆ ತಿಳಿದದ್ದು, ಹುಡುಗಿಗೆ ಲೆಕ್ಕ ಬರುತ್ತದೆ. ಬರುತ್ತದೆ ಅಂದರೆ ಚೆನ್ನಾಗಿಯೇ ಬರುತ್ತದೆ, ಬಾಬುವಿಗಿಂತ ಒಂದು ಕೈ ಮೇಲು. ಆದರೆ ಭಾನುವಾರದ ಅಣಕು ಪರೀಕ್ಷೆಯಲ್ಲಿ ಬಾಬುವಿಗೆ ಅರವತ್ತೊಂಬತ್ತು, ಇವಳಿಗೆ ಐವತ್ತು. ಮುಂದಿನ ಭಾನುವಾರ ಐವತ್ತೊಂದೂಕಾಲು. ಅದರ ಮುಂದಿನದು ನಲವತ್ತೆಂಟೂಮುಕ್ಕಾಲು. ತಪ್ಪಿನ ಪುಸ್ತಕ ಇಟ್ಟವನಿಗೆ ಇದಕ್ಕಿಂತ ರುಚಿಯಾದ ತಿಂಡಿ ಬೇಕೇ? ಜಯರಾಮ ಅವಳ ಉತ್ತರದ ಹಾಳೆಗಳನ್ನೆಲ್ಲ ಮನೆಗೆ ಹೊತ್ತುಕೊಂಡು ಹೋದ.

ಪರೀಕ್ಷೆಯ ರೀತಿಯನ್ನು ಇಲ್ಲಿ ಒಂದಿಷ್ಟು ಹೇಳಲೇಬೇಕು. ನೂರೈವತ್ತು ಪ್ರಶ್ನೆ, ಎರಡು ಗಂಟೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿ ಅನ್ನಿಸಿದ ಉತ್ತರದ ದುಂಡು ಗುಂಡಿಯನ್ನು ಪೆನ್ಸಿಲಿನಲ್ಲಿ ತುಂಬಬೇಕು. ಸರಿಗೆ ಒಂದು ಅಂಕ. ತಪ್ಪಿಗೆ ಕಾಲು ಅಂಕ ಕಡಿತ. ಖಾಲಿ ಬಿಟ್ಟರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಎರಡು ಗಂಟೆಯಲ್ಲಿ ಎಲ್ಲವನ್ನೂ ಮಾಡುವುದು ಮನುಷ್ಯರಿಂದಾಗದು, ಮಾಡಲಿ ಅಂತ ಅವರು ಕೊಟ್ಟೂ ಇಲ್ಲ. ಯಾವುದನ್ನು ಬಿಡುತ್ತೀಯೆ ಎಂದು ನೋಡುವುದೇ ಅರ್ಧ ಪರೀಕ್ಷೆ. ಬಾಬು ಎಂಬತ್ತನಾಲ್ಕು ಮಾಡಿ ಉಳಿದದ್ದನ್ನು ಕೈಬಿಟ್ಟಿದ್ದ. ಶರಣ್ಯಾಳ ಹಾಳೆಯಲ್ಲಿ ನೂರೈವತ್ತೂ ತುಂಬಿದ್ದವು. ಎಪ್ಪತ್ತು ಸರಿ, ಎಂಬತ್ತು ತಪ್ಪು. ಪ್ರತಿ ಹಾಳೆಯಲ್ಲೂ ಅದೇ ಕಥೆ, ಒಂದೇ ಒಂದು ಖಾಲಿ ಗುಂಡಿ ಇಲ್ಲ.

"ಗೊತ್ತಿಲ್ಲದ್ದನ್ನ ಯಾಕಮ್ಮ ತುಂಬ್ತೀಯ?" ಎಂದು ಕೇಳಿದ.

"ಅದು ವಂದು ಸಾರ್... ಬಿಡಕ್ಕಾಗಲ್ಲ. ಬಿಟ್ರೆ ಒಂದು ಮಾದಿರಿ ಆಗತ್ತೆ."

"ಎಂಥ ಮಾದಿರಿ?"

"ತೆರಿಯಲ್ಲೈ ಸಾರ್, ಗೊತ್ತಿಲ್ಲ. ತಪ್ಪು ಮಾಡ್ದಂಗೆ."

ತಪ್ಪು ಉತ್ತರ ಬರೆದರೆ ತಪ್ಪು ಮಾಡಿದ ಹಾಗಾಗುವುದಿಲ್ಲವಂತೆ, ಬಿಟ್ಟರೆ ಆಗುತ್ತದಂತೆ! ಜಯರಾಮನಿಗೆ ತಲೆ ಕೆರೆದುಕೊಳ್ಳುವುದೊಂದೇ ಉಳಿಯಿತು. ನೀಲಿ ಪುಸ್ತಕದಲ್ಲಿ 'ಕಾರಣ: ಹೆಮ್ಮೆ' ಅಂತ ಬರೆದ. ನಾಲ್ಕು ದಿನ ಗಮನಿಸಿ ಅದನ್ನು ಹೊಡೆದುಹಾಕಿ 'ಭಯ' ಅಂತ ಬರೆದ. ಅದನ್ನೂ ಹೊಡೆದ. ಪಕ್ಕದಲ್ಲಿ ಕೈಗಡಿಯಾರ ಹಿಡಿದು ಕೂತು ನೋಡಿದಾಗ ಒಂದು ನೀರಿನ ತೊಟ್ಟಿಯ ಲೆಕ್ಕಕ್ಕೆ ಅವಳು ಒಂಬತ್ತು ನಿಮಿಷ ಕೊಟ್ಟಳು, ಕೊನೆಗೆ ಐವತ್ತು ಪ್ರಶ್ನೆಗಳನ್ನು ಓದದೆಯೇ ಐದು ನಿಮಿಷದಲ್ಲಿ ತುಂಬಿದಳು. ಹತ್ತು ಪ್ರಶ್ನೆ ಬಿಟ್ಟು ಬಾ ಎಂದು ಆಜ್ಞೆ ಮಾಡಿದ. ಬಿಟ್ಟಳು. ಗಂಟೆ ಹೊಡೆಯುವ ಹೊತ್ತಿಗೆ ಬಗ್ಗಿ ಸರಸರ ಆ ಹತ್ತನ್ನೂ ತುಂಬಿಯೇ ಎದ್ದಳು. ಅವತ್ತು ಜಯರಾಮ ನಿಜವಾಗಿಯೂ ರೇಗಿದ. ಅವಳ ಕಣ್ಣಲ್ಲಿ ನೀರು ಬಂತು, ಇವನಿಗೆ ತನ್ನ ಮೇಲೇ ಬೇಜಾರಾಯಿತು.

"ಆ ಹುಡ್ಗಿ ವಿಷಯ ಬಿಟ್ಟು ಸೀಕ್ರಂ ಊಟಕ್ಕೆ ಬಾರೋ" ಅಂತ ಚಿಕ್ಕಮ್ಮ ಒಳಗಿನಿಂದ ಕೂಗುತ್ತಿದ್ದರು. ಇಷ್ಟು ವರ್ಷ ಈ ಊರಿನಲ್ಲಿದ್ದು ಆಕೆಗೆ ಬೇಗ ಅನ್ನುವ ಪದ ಮರೆತೇ ಹೋಗಿತ್ತು. ಇವನು ತಟ್ಟೆಯ ಮುಂದೆ ಕೂತರೂ ಕಣ್ಣು ಉತ್ತರದ ಹಾಳೆಯ ಮೇಲೆ.

ಅಕ್ಟೋಬರ್‌ನಲ್ಲಿ ಆಯುಧ ಪೂಜೆ ಬಂತು. ಪರೀಕ್ಷೆಗೆ ಆರು ವಾರ ಉಳಿದಿತ್ತು. ಮೇಷ್ಟರನ್ನು ಹಬ್ಬದೂಟಕ್ಕೆ ಕರೆದುಕೊಂಡು ಬಾ ಎಂದು ಶರಣ್ಯಾಳ ಅಜ್ಜಿ ಬಸವಣ್ಣೆಮ್ಮ ಹೇಳಿಕಳಿಸಿದ್ದರು. ಜಯರಾಮ ಇಸ್ತ್ರಿ ಅಂಗಿ ಹಾಕಿಕೊಂಡು ಕೀಲ್ಪಾಕ್‌ಗೆ ಹೋದ. ಮಹಾಲಿಂಗಪ್ಪನವರು ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಮನೆಯವರೆಲ್ಲರ ಹಣೆಯಲ್ಲೂ ವಿಭೂತಿ. ಅಜ್ಜಿಯ ಲಿಂಗಪೂಜೆ ಮುಗಿಯುವವರೆಗೆ ಕಾದು, ಎಲ್ಲರೂ ಸಾಲಾಗಿ ನೆಲದ ಮೇಲೆ ಸ್ಟೀಲ್ ತಟ್ಟೆಗಳ ಮುಂದೆ ಕೂತರು. ಶರಣ್ಯಾಳ ತಾಯಿ ಬಡಿಸಿದರು. ಹೋಳಿಗೆ, ತುಪ್ಪ, ಕೋಸಂಬರಿ, ಎಣ್ಣೆಗಾಯಿ, ಚಿತ್ರಾನ್ನ.

ಜಯರಾಮ ಹೊಟ್ಟೆ ತುಂಬ ತಿಂದ. ಕೊನೆಗೆ ಅರ್ಧ ಹೋಳಿಗೆ, ಒಂದು ಹಿಡಿ ಚಿತ್ರಾನ್ನ ಉಳಿಸಿ ಕೈ ಎತ್ತಿದ. ಅದು ಚಿಕ್ಕಮ್ಮ ಕಲಿಸಿದ ಮರ್ಯಾದೆ. ಬೇರೆಯವರ ಮನೆಯಲ್ಲಿ ಬಳಿದುಕೊಂಡು ತಿಂದರೆ ಊಟ ಕಾಣದವರ ಥರ ಆಗುತ್ತದೆ, ಒಂದು ತುತ್ತು ಬಿಡಬೇಕು ಅನ್ನುವುದು ಅವರ ಮನೆಯ ಪಾಠ. ಆದರೆ ಇಲ್ಲಿ ಪಕ್ಕದಲ್ಲಿ ಮಾತು ಪಟ್ಟನೆ ನಿಂತಿತು. ಮಹಾಲಿಂಗಪ್ಪನವರು ಗೋಡೆ ನೋಡಿದರು. ಶರಣ್ಯಾ ಮಾತ್ರ ಅವನ ತಟ್ಟೆಯಲ್ಲಿ ಉಳಿದ ಅರ್ಧ ಹೋಳಿಗೆಯನ್ನೇ ನೋಡುತ್ತಿದ್ದಳು, ಬೆರಳುಗಳು ಮಡಚಿಕೊಂಡು ಬಿಚ್ಚಿಕೊಳ್ಳುತ್ತಿದ್ದವು. ಆ ನೋಟವನ್ನು ಜಯರಾಮ ಎಲ್ಲಿ ಕಂಡಿದ್ದೇನೆ ಅಂತ ಯೋಚಿಸಿದ. ಹತ್ತು ಖಾಲಿ ಗುಂಡಿಗಳನ್ನು ಅವಳು ನೋಡಿದ್ದು ಹೀಗೇ!

ಅವಳ ತಟ್ಟೆ ನೋಡಿದ. ಕರಿಬೇವಿನ ಎಲೆ ಕೂಡ ಇರಲಿಲ್ಲ. ಅಜ್ಜಿಯ ಕಡೆ ನೋಡಿದ. ಬಸವಣ್ಣೆಮ್ಮ ಖಾಲಿ ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಎತ್ತಿ ಕುಡಿದರು.

ಜಯರಾಮ ಉಳಿದ ಹೋಳಿಗೆ, ಚಿತ್ರಾನ್ನ ಎರಡನ್ನೂ ಮುಗಿಸಿದ. ಆಮೇಲೆ ಕೇಳಿದ, "ಅಮ್ಮ, ನಿಮ್ಮಲ್ಲಿ ಬಿಡೋ ಹಾಗಿಲ್ವಾ?"

"ತಟ್ಟೆಗೆ ಬಿದ್ದದ್ದು ಪ್ರಸಾದ ಕಣಪ್ಪ. ಬಿಟ್ಟು ಏಳಾಂಗಿಲ್ಲ" ಅಂದರು ಬಸವಣ್ಣೆಮ್ಮ. "ನೀವು ಗೊತ್ತಿಲ್ದೆ ಬಿಟ್ರಿ, ಅದಕ್ಕೇನು. ಈ ಮಗೀಗೆ ಮಾತ್ರ ಮೂರು ವರ್ಷದಿಂದ್ಲೇ ರೂಢಿ ಮಾಡಿಸ್ದೆ. ಒಂದು ಅಗುಳು ಬಿಟ್ರೂ ಏಳೋಕೆ ಬಿಡ್ತಿರಲಿಲ್ಲ."

"ಸರಿ. ಮತ್ತೆ ನಿಮಗೆ ಬೇಡವಾದ್ದನ್ನ ಬಡಿಸಿಬಿಟ್ಟರೆ?"

ಅಜ್ಜಿಗೆ ನಗು ಬಂತು. "ಬಡಿಸೋಕೆ ಮುಂಚೆ ಕೈ ಅಡ್ಡ ಹಿಡಿತೀನಿ. ಈ ವಯಸ್ಸಲ್ಲಿ ನಾನು ಮೂರು ಹೋಳಿಗೆ ತಿಂತೀನಾ? ಬಿದ್ದ ಮೇಲೆ ತಾನೆ ನಂದು. ಬೀಳದೇ ಇರೋದನ್ನ ಬಿಟ್ಟೆ ಅಂತ ಯಾರಾದ್ರೂ ಅಂತಾರಾ?"

ಎಂಜಲು ಕೈಯಲ್ಲೇ ಜಯರಾಮ ಜೇಬಿನ ಪೆನ್ನು ಹುಡುಕಿದನಂತೆ. ಇಸ್ತ್ರಿ ಅಂಗಿಗೆ ಅರಿಶಿನದ ಕಲೆ ಕೊನೆಯವರೆಗೂ ಉಳಿಯಿತು. ನಾಲ್ಕು ತಿಂಗಳು ಸಿಗದಿದ್ದ ಆ ಕಾರಣ ಒಂದು ಊಟದಲ್ಲಿ ಸಿಕ್ಕಿತ್ತು. ಅವನ ಸಂತೋಷಕ್ಕೆ ಪಾರವೇ ಇರಲಿಲ್ಲ.

ಮರುದಿನ ಶರಣ್ಯಾಳನ್ನು ಕೂರಿಸಿಕೊಂಡು ಹೇಳಿದ. "ನೋಡಮ್ಮ, ಪ್ರಶ್ನೆಪತ್ರಿಕೆ ನಿನ್ನ ತಟ್ಟೆ ಅಲ್ಲ. ಅದು ಅಡಿಗೆಮನೆ. ಅಲ್ಲಿ ನೂರೈವತ್ತು ಥರ ಮಾಡಿಟ್ಟಿರ್ತಾರೆ. ಮೊದಲನೇ ಹತ್ತು ನಿಮಿಷ ಪೆನ್ಸಿಲ್ ಮುಟ್ಟಬೇಡ. ಬರೀ ನೋಡ್ಕೊಂಡು ಹೋಗು. ಬೇಕಾದ್ದಕ್ಕೆ ಒಂದು ಸಣ್ಣ ಗೆರೆ. ಬೇಡದ್ದಕ್ಕೆ ಕೈ ಅಡ್ಡ. ಗೆರೆ ಹಾಕಿದ್ದಷ್ಟೇ ನಿನ್ನ ತಟ್ಟೆ. ಅದನ್ನ ಮಾತ್ರ ಒಂದೂ ಬಿಡಬೇಡ."

"ಅಜ್ಜಿ ಒತ್ಕೋತಾರಾ ಸಾರ್?" ಎಂದಳು, ಒಪ್ಪುತ್ತಾರಾ ಅನ್ನುವ ಅರ್ಥದಲ್ಲಿ. ಅಜ್ಜಿಯೇ ಹೇಳಿದ್ದು ಎಂದ ಮೇಲೆ ಸಮಾಧಾನ.

ಮುಂದಿನ ಭಾನುವಾರ ಎಂಬತ್ತಾರು ಮಾಡಿ ಎದ್ದಳು. ಹಾಳೆಯಲ್ಲಿ ಅರವತ್ತನಾಲ್ಕು ಖಾಲಿ ಗುಂಡಿ. ಅಂಕ ಅರವತ್ತೆಂಟೂವರೆ. ಬಾಬು ಬಂದು ಹಾಳೆಯನ್ನು ಎರಡು ಸಲ ಎಣಿಸಿ ನೋಡಿದ.

ನವೆಂಬರ್ ಕೊನೆಯ ಭಾನುವಾರ ಪರೀಕ್ಷೆ. ಜಯರಾಮ ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ಎರಡು ಗಂಟೆ ಕೂತು ಐದು ಟೀ ಕುಡಿದ. ಹೊರಗೆ ಬಂದ ಶರಣ್ಯಾಳನ್ನು ಚೆನ್ನಾಗಿ ಮಾಡಿದೆಯಾ ಅಂತ ಕೇಳಲಿಲ್ಲ. "ಎಷ್ಟು ಬಡಿಸ್ಕೊಂಡೆ?" ಅಂದ.

"ತೊಂಬತ್ತು ಸಾರ್. ಒಂದನ್ನ ತಪ್ಪಾಗಿ ಬಡಿಸ್ಕೊಂಡೆ. ಏಳು ನಿಮಿಷ ತಿಂತು. ಆದ್ರೆ ಮುಗಿಸ್ದೆ."

ಜನವರಿಯಲ್ಲಿ ಕಾಗದಗಳು ಬಂದವು. ಅವಳು ಆಸೆಪಟ್ಟಿದ್ದ ಎರಡು ಶಾಲೆಗಳು ಕರೆಯಲಿಲ್ಲ. ಕರೆದದ್ದು ಒಂದೇ, ಉತ್ತರದಲ್ಲಿ ಎಲ್ಲೋ, ರೈಲಿನಲ್ಲಿ ಎರಡು ರಾತ್ರಿಯ ದಾರಿ. ಸಂದರ್ಶನಕ್ಕೆ ಅಲ್ಲಿಗೇ ಬರಬೇಕು. ಒಂದು ಶನಿವಾರ ಸಂಜೆ ಆ ಕಾಗದ ಹಿಡಿದುಕೊಂಡು ಶರಣ್ಯಾ ಮೈಲಾಪೂರಿನ ಮನೆಗೆ ಬಂದಳು. ಚಿಕ್ಕಮ್ಮ ಕಾಫಿಗೆ ಇಡಲು ಒಳಗೆ ಹೋದರು.

"ಬೇಡ ಅಂತ ಬರೆದುಬಿಡ್ತೀನಿ ಸಾರ್" ಅಂದಳು. "ನಾನು ಕೇಳಿದ್ದು ಇದಲ್ಲ. ಊರು ಗೊತ್ತಿಲ್ಲ, ಹಿಂದಿ ಬರಲ್ಲ. ಹೋಗಿ ಅಲ್ಲಿ ಬೇಡ ಅನ್ನಿಸ್ಕೊಂಡು ಬರೋದಕ್ಕಿಂತ ಈಗಲೇ ಕೈ ಅಡ್ಡ ಹಿಡಿದ್ರೆ ಆಯ್ತಲ್ಲ. ನೀವೇ ತಾನೆ ಕಲಿಸಿದ್ದು."

ಜಯರಾಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತಾನು ಕಲಿಸಿದ್ದೇ ತನ್ನ ಮುಂದೆ ಬಂದು ನಿಂತಿತ್ತು, ಅದೂ ತಪ್ಪಾಗಿ. ಅವಳ ತಪ್ಪನ್ನು ಈ ಸಲ ಹಾಳೆಯಲ್ಲಿ ಹುಡುಕಬೇಕಾಗಿರಲಿಲ್ಲ. ಅದು ಅವನಿಗೆ ಬಹಳ ಚೆನ್ನಾಗಿ ಗೊತ್ತಿತ್ತು.

"ನನಗೂ ಬಂದಿತ್ತಮ್ಮ" ಅಂದ.

"ಏನು ಸಾರ್?"

"ಕಾಗದ. ಎಂಬತ್ತೇಳನೇ ಇಸವಿ. ಮೂರನೇ ಸಲ ಬರೆದಾಗ ಪಾಸಾಗಿದ್ದೆ. ಸಂದರ್ಶನಕ್ಕೆ ಕರೆದಿದ್ರು. ಟಿಕೆಟ್ಟು ತಗೊಳ್ಳೋಕೆ ಸೆಂಟ್ರಲ್ ಸ್ಟೇಷನ್ನಿಗೆ ಹೋಗಿ ಸಾಲಲ್ಲಿ ನಿಂತೆ. ಮುಂದೆ ಇನ್ನು ಇಬ್ಬರೇ ಇದ್ರು. ವಾಪಸು ಬಂದ್ಬಿಟ್ಟೆ. ಎಲ್ಲರಿಗೂ ಫೇಲಾದೆ ಅಂದೆ. ಎಲ್ಲರೂ ತಕ್ಷಣ ನಂಬಿದ್ರು."

ಬಾಗಿಲಲ್ಲಿ ಚಿಕ್ಕಮ್ಮ ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. "ನಂಗೂ ಫೇಲ್ ಅಂತಲೇ ಹೇಳಿದ್ಯಲ್ಲೋ."

"ಸುಳ್ಳು ಹೇಳ್ದೆ ಚಿಕ್ಕಮ್ಮ."

"ಯಾಕೆ ಹೋಗಲಿಲ್ಲ ಸಾರ್?" ಶರಣ್ಯಾ ಕೇಳಿದಳು.

ಯಾರ ತಪ್ಪಿಗಾದರೂ ಎರಡು ಸಾಲಿನ ಕಾರಣ ಬರೆಯಬಲ್ಲ ಮನುಷ್ಯ "ಗೊತ್ತಿಲ್ಲಮ್ಮ" ಅಂದ. "ಆದ್ರೆ ಈ ಕಾಗದ ನಿನ್ನ ತಟ್ಟೆಗೆ ಬಿದ್ದಾಗಿದೆ. ಇನ್ನು ಕೈ ಅಡ್ಡ ಹಿಡಿಯೋದಲ್ಲ, ಬಿಟ್ಟು ಏಳೋದು. ಹೋಗಿ ಬಾ. ಬೇಡ ಅಂದ್ರೆ ಅವರು ಅನ್ನಲಿ. ಒಳಗೆ ಕೂರಿಸ್ಕೊಂಡು ಏನ್ ಕೇಳ್ತಾರೆ ಅಂತ ಬಂದು ನನಗೆ ಹೇಳು. ಹದಿನಾರು ವರ್ಷದಿಂದ ತಿಳ್ಕೋಬೇಕು ಅಂತಿದೀನಿ."

ಮಾರ್ಚ್‌ನಲ್ಲಿ ಮಹಾಲಿಂಗಪ್ಪನವರೇ ಮಗಳ ಜೊತೆ ಹೋದರು. ಏಪ್ರಿಲ್ ಕೊನೆಗೆ ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಬಂತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ನನಗೆ ಹೇಳಬೇಕಾಗಿರುವುದು ಅವರು ವಾಪಸು ಬಂದ ಬೆಳಿಗ್ಗೆಯದು. ತಂದೆಯನ್ನು ಸೆಂಟ್ರಲ್‌ನಿಂದ ಮನೆಗೆ ಕಳಿಸಿ, ಚೀಲ ಸಮೇತ ಶರಣ್ಯಾ ನೇರ ಮೈಲಾಪೂರಿಗೆ ಬಂದಳು. ಜಯರಾಮ ಆಫೀಸಿಗೆ ಹೊರಟವನು ಚಪ್ಪಲಿ ಬಿಚ್ಚಿ ಕೂತ.

"ಎಷ್ಟು ಜನ ಇದ್ರು?"

"ಮೂರು ಸಾರ್. ಒಬ್ರು ಮೇಡಂ. ಮೊದಲು ಅಪ್ಪಂದು ಏನು ವ್ಯಾಪಾರ ಅಂದ್ರು. ಕೊಬ್ಬರಿ ಅಂದೆ. ಕೊಬ್ಬರಿ ಬೆಲೆ ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ ಅಂತ..."

"ಮಳೆ, ಹಬ್ಬ, ಎಣ್ಣೆ ಗಿರಣಿ" ಅಂದುಬಿಟ್ಟ ಜಯರಾಮ, ಅವಳು ಮುಗಿಸುವ ಮೊದಲೇ.

"ಆಮೇಲೆ ನಾಲ್ಕು ಬಣ್ಣದ ನಾಲ್ಕು ಜೊತೆ ಕಾಲುಚೀಲ ಇವೆ, ಕತ್ತಲಲ್ಲಿ ಎಷ್ಟು ತೆಗೆದ್ರೆ ಒಂದು ಜೊತೆ..."

"ಐದು."

"ಮೂರು ಸಲ ಯಾಕೆ ಬರೆದ್ರಿ ಅಂದ್ರು."

ಅದಕ್ಕೂ ಅವನೇ ಉತ್ತರಿಸಿದ. "ಎರಡು ಸಲ ಎಲ್ಲಿ ತಪ್ಪಿದೆ ಅಂತ ಗೊತ್ತಾಗಬೇಕಿತ್ತು."

"ಕೊನೇಲಿ ಮೇಡಂ ಕೇಳಿದ್ರು. ಇದನ್ನ ಓದಲೇಬೇಕು ಅಂತ ನಿಮಗೆ ಯಾಕೆ ಅನ್ನಿಸುತ್ತೆ?"

ಜಯರಾಮ ಕುರ್ಚಿಯಲ್ಲಿ ನೆಟ್ಟಗೆ ಕೂತ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. "ಒಳಗೆ ಏನಿದೆ ಅಂತ ತಿಳ್ಕೊಳ್ಳೋ ಆಸೆ, ಮೇಡಂ" ಅಂದ.

ತ‌ನ್ನ ವಿದ್ಯಾರ್ಥಿನಿಯನ್ನು ಹಾಗೆ ಕರೆದದ್ದು ಅವನಿಗೆ ಗೊತ್ತಾಗಲಿಲ್ಲ. ಶರಣ್ಯಾ ನಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿದ್ದ ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

"ಆಮೇಲೆ?" ಅಂದ ಜಯರಾಮ.

"ಆಮೇಲೆ ಏನೂ ಇಲ್ಲ ಸಾರ್. ಥ್ಯಾಂಕ್ಯೂ ಅಂದ್ರು. ಇಪ್ಪತ್ತು ನಿಮಿಷ, ಅಷ್ಟೇ."

"ಅಷ್ಟೇನಾ?"

"ಅಷ್ಟೇ ಸಾರ್."

ಜಯರಾಮ ಇನ್ನೊಂದು ಸಲ ಮೊದಲಿನಿಂದ ಹೇಳು ಅಂದ. ಅವಳು ಚೀಲವನ್ನು ಪಕ್ಕಕ್ಕಿಟ್ಟು, ಮೂವರು ಎಲ್ಲೆಲ್ಲಿ ಕೂತಿದ್ದರು ಅನ್ನುವುದರಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ಹೇಳಿದಳು. ಅವತ್ತು ಅವನು ಆಫೀಸಿಗೆ ಹೋಗಲಿಲ್ಲ.